ಡೆಲ್ಕೋಗೆ ಕೊಟ್ಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಯನ್ನು ನೋಡಿಯೂ ಸುಮ್ಮನೆ ಮುಂದೆ ಹೋದ ಒಬ್ಬನನ್ನೂ ನಾನು ಕಂಡಿಲ್ಲ. ಬೈಕು ನಿಲ್ಲಿಸುತ್ತಾನೆ, ಕಂಬಳಿಕೊಪ್ಪೆ ಹಿಂದೆ ಸರಿಸುತ್ತಾನೆ, ಕವಳ ಉಗುಳಿ ಬಾಯಿ ಖಾಲಿ ಮಾಡಿಕೊಳ್ಳುತ್ತಾನೆ. ಆಮೇಲೆ ಇಂಜಿನ್ನಿನ ಮೇಲೆ ಬಗ್ಗಿ, ಯಾವುದನ್ನೂ ಮುಟ್ಟದೆ, ತೀರ್ಪು ಕೊಡುತ್ತಾನೆ: "ಕರೆಂಟು ಬತ್ತಾ ಇಲ್ಲೆ ಕಾಣ್ತು."

ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದೆ ನಿಂತಿದ್ದರೂ ತೀರ್ಪು ಅದೇ. ಅದರಲ್ಲಿ ಅವರ ತಪ್ಪೇನೂ ಇಲ್ಲ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಊರು ನಮ್ಮದು. ಜೂನ್ ತಿಂಗಳಲ್ಲಿ ಮತ್ತಿಮರವೊಂದು ಲೈನಿನ ಮೇಲೆ ಮಲಗಿತೆಂದರೆ ಪಂಪು, ಮಿಕ್ಸಿ, ಮೊಬೈಲು ಎಲ್ಲಕ್ಕೂ ಒಂದೇ ಕಾಯಿಲೆ. ಕರೆಂಟು ಬಾರದಿರುವುದು ನಮಗೆ ಗೊತ್ತಿರುವ ಮೊದಲನೆಯ ರೋಗ, ಅನೇಕರಿಗೆ ಗೊತ್ತಿರುವುದೂ ಅದೊಂದೇ. ತಮಾಷೆಯೆಂದರೆ ಹಳೇ ಪೆಟ್ರೋಲ್ ಗಾಡಿಗಳ ಮಟ್ಟಿಗೆ ಈ ತೀರ್ಪು ಹೆಚ್ಚಿನ ಸಲ ಸರಿಯೇ ಇರುತ್ತದೆ. ಕರೆಂಟು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿತು ಎನ್ನುವುದರಲ್ಲಿ ಮಾತ್ರ ಊರೇ ಎರಡು ಪಾಲಾಗುತ್ತದೆ.

ನಮ್ಮ ಮನೆಯದು 1974ರ ಅಂಬಾಸಿಡರ್, ಮಾರ್ಕ್ 2. ಅಪ್ಪಯ್ಯ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಿಂದ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಗಾಡಿ. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ನಮ್ಮ ಕೊಟ್ಟಿಗೆಯಲ್ಲಿರುವ ಗಾಡಿಗೆ ಆ ಸುದ್ದಿಯನ್ನು ಯಾರೂ ಹೇಳಿಲ್ಲ. 1489 ಸಿಸಿಯ ಅದರ ಇಂಜಿನ್ ಈಗಲೂ ತನ್ನ ಮರ್ಜಿ ಬಂದಾಗ ದೇವಿಮನೆ ಘಟ್ಟ ಹತ್ತುತ್ತದೆ. 1983ರಲ್ಲಿ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆದ ಮೇಲಂತೂ ನಮ್ಮ ಕಡೆ ಬಿಳಿ ಅಂಬಾಸಿಡರ್ ಯಾವ ರಸ್ತೆಯಲ್ಲಿ ಬಂದರೂ ಜನ ಒಂದು ಗಳಿಗೆ ಎದ್ದು ನಿಲ್ಲುತ್ತಿದ್ದರು. ನಮ್ಮದು ಬಿಳಿಯೇ. ಅಪ್ಪಯ್ಯ ಆ ಗೌರವವನ್ನು ಕೈ ಬೀಸಿ ಸ್ವೀಕರಿಸುತ್ತಿದ್ದರೇ ಹೊರತು ಯಾರ ತಪ್ಪು ತಿಳಿವಳಿಕೆಯನ್ನೂ ತಿದ್ದಲು ಹೋಗುತ್ತಿರಲಿಲ್ಲ.

ಈಚೆಗೆ ಒಂದು ಆಷಾಢದಲ್ಲಿ ಗಾಡಿ ಬೆಳಿಗ್ಗೆ ಎದ್ದೇಳುವುದನ್ನೇ ಬಿಟ್ಟಿತು. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮೊದಲು ಬಂದವನು ನಮ್ಮ ಭಾವ. ಅವನ ಕಣ್ಣು ಬಿದ್ದದ್ದು ಬ್ಯಾಟರಿ ಟರ್ಮಿನಲ್ಲಿನ ಮೇಲೆ ಬೆಳೆದಿದ್ದ ಹಸಿರುನೀಲಿ ಪುಡಿಯ ಮೇಲೆ. "ಮೈಲುತುತ್ತ ಮಾರಾಯಾ! ನಾಕು ಗಾಡಿ ಹಿಂಗೇ ನಿಲ್ಸಿದ್ರೆ ತ್ವಾಟಕ್ಕೆ ಔಷಧ ತಪ್ಪದೇ ಬೇಡ" ಅಂದ. ಅವನು ಹೇಳಿದ್ದು ಚೇಷ್ಟೆಗೆ, ಆದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ನಿಜ. ಬ್ಯಾಟರಿಯ ಗಂಧಕಾಮ್ಲದ ಹಬೆ ಕ್ಲ್ಯಾಂಪಿನ ತಾಮ್ರಕ್ಕೆ ತಗುಲಿ ಹುಟ್ಟುವುದು ಮೈಲುತುತ್ತವೇ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಹಾಕುವುದೂ ಅದನ್ನೇ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹೊಯ್ದೆವು. ನೊರೆ ಬಂತು, ಪುಡಿ ಹೋಯಿತು, ಟರ್ಮಿನಲ್ ಫಳಫಳ ಹೊಳೆಯಿತು. ಗಾಡಿ ಎದ್ದೇಳಲಿಲ್ಲ.

ಎರಡನೆಯವರು ಲೈನ್‌ಮನ್. ಕಂಬ ನೋಡಲು ಬಂದವರು ಕಂಬ ಬಿಟ್ಟು ನಮ್ಮ ಅಂಗಳಕ್ಕೆ ಇಳಿದರು. "ಅರ್ಥಿಂಗ್ ಸರಿ ಇಲ್ಲ ಹೆಗಡೇರೇ" ಅಂದರು. ಅವರ ವೃತ್ತಿಯಲ್ಲಿ ಯಾವುದೂ ಅರ್ಥಿಂಗ್ ಸರಿ ಇದ್ದು ಕೆಟ್ಟದ್ದಿಲ್ಲ. ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿಯನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿದರು. ಹೆಡ್‌ಲೈಟು ಮೊದಲಿಗಿಂತ ಚೆನ್ನಾಗಿ ಉರಿಯಿತು, ಹಾರನ್ನು ಎಮ್ಮೆ ಬೆದರುವಷ್ಟು ಕೂಗಿತು. ಇಂಜಿನ್ ಮಾತ್ರ ಅದೇ ಮೌನವ್ರತ.

ಕಡೆಗೆ ಮಿಸ್ತ್ರಿಗೆ ಫೋನು ಮಾಡಿದರೆ ಅವರು ಅಲ್ಲಿಂದಲೇ ಕೇಳಿದರು: "ರಾತ್ರಿ ಮಳೆ ಗಾಳಿ ಜೋರಿತ್ತಾ? ಹಂಗಾದ್ರೆ ಡೆಲ್ಕೋ ಮುಚ್ಚಳ ತೆಗೆದು ಒಣಗ್ಸಿ. ಎಂತದೂ ಬೇಡ."

ಪುಸ್ತಕದಲ್ಲಿ ಅದಕ್ಕೆ ಡಿಸ್ಟ್ರಿಬ್ಯೂಟರ್ ಎಂದಿರುತ್ತದೆ. ಗ್ಯಾರೇಜಿನಲ್ಲಿ ಅದು ಡೆಲ್ಕೋ. ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತ 1909ರಲ್ಲಿ ಕಟ್ಟಿದ ಕಂಪನಿಯ ಹೆಸರು, ಆತ ಸತ್ತು ಎಷ್ಟೋ ಕಾಲದ ಮೇಲೂ ಶಿರಸಿಯ ಯಲ್ಲಾಪುರ ನಾಕಾದಲ್ಲಿ ಗ್ರೀಸು ಮೆತ್ತಿಕೊಂಡು ಬದುಕಿದೆ. ಬ್ಯಾಟರಿ, ಕಾಯಿಲ್, ಪಾಯಿಂಟ್ ಇಷ್ಟನ್ನು ಜೋಡಿಸಿ ಕಿಡಿ ಹುಟ್ಟಿಸುವ ಆತನ ಏರ್ಪಾಟು 1910ರ ಕ್ಯಾಡಿಲಾಕ್ ಗಾಡಿಯಲ್ಲಿ ಬಂತು. ಮೈಸೂರು ಸಂಸ್ಥಾನದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ತಮ್ಮ ಪ್ರಬಂಧ ಪ್ರಕಟಿಸಿದ್ದೂ ಅದೇ 1910ರಲ್ಲಿ. ಇಬ್ಬರಿಗೂ ಒಬ್ಬರಿಗೊಬ್ಬರ ಗುರುತಿರಲಿಕ್ಕಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಇಬ್ಬರ ವಿದ್ಯೆಯನ್ನೂ ಹಿಡಿದುಕೊಂಡೇ ನಾವು ನಾಲ್ಕು ತಿಂಗಳು ತಳ್ಳಬೇಕು.

ಡೆಲ್ಕೋ ಮುಚ್ಚಳ ಎಂದರೆ ಕರಿಯ ಬೇಕಲೈಟಿನ ಒಂದು ಟೋಪಿ. ಎರಡು ಕಡೆ ಕ್ಲಿಪ್ಪು. ಮೇಲೆ ಐದು ಕೊಂಬು: ನಡುವಿನದಕ್ಕೆ ಕಾಯಿಲಿನಿಂದ ವೈರು ಬರುತ್ತದೆ, ಸುತ್ತಲಿನ ನಾಲ್ಕರಿಂದ ನಾಲ್ಕು ಪ್ಲಗ್ಗಿಗೆ ಹೋಗುತ್ತದೆ. ಕವುಚಿದರೆ ಒಳಗೆ ನಾಲ್ಕು ಲೋಹದ ಗುಬುಟು, ನಡುವೆ ಸ್ಪ್ರಿಂಗಿನ ಮೇಲೆ ಪೆನ್ಸಿಲ್ ತುದಿಯಷ್ಟು ಇದ್ದಿಲ ಕಡ್ಡಿ. ಆ ದಿನ ಒಳಮೈಗೆಲ್ಲ ಬೆವರು ಹನಿ ಕಟ್ಟಿತ್ತು. ಹತ್ತಾರು ಸಾವಿರ ವೋಲ್ಟಿನ ಕರೆಂಟಿಗೆ ಅಷ್ಟು ತೇವ ಸಾಕು. ಪ್ಲಗ್ಗಿನ ತನಕ ನಡೆಯುವ ಕಷ್ಟ ಬಿಟ್ಟು ಮುಚ್ಚಳದ ಒಳಗೋಡೆಯ ಮೇಲೇ ಅಡ್ಡದಾರಿ ಹಿಡಿಯುತ್ತದೆ.

ಒಣಗಿಸುವುದೆಂದರೆ ಎಲ್ಲಿ? ಆಷಾಢದಲ್ಲಿ ನಮ್ಮ ಮನೆಯಲ್ಲಿ ಒಣಗಿರುವ ಜಾಗ ಒಂದೇ, ಬಚ್ಚಲ ಒಲೆಯ ಮೇಲಿನ ಅಡ್ಡಗಳು. ಅಲ್ಲಿ ಆಗಲೇ ಮಕ್ಕಳ ಸಮವಸ್ತ್ರ, ಅಪ್ಪಯ್ಯನ ಪಂಚೆ ಜಾಗ ಹಿಡಿದಿದ್ದವು. ಆಯಿ ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಎಂಜಲು ಮುಸುರೆ ಎಂತಾರೂ ಹೌದನ?" ಎಂದು ವಿಚಾರಿಸಿಕೊಂಡರು. ಅಲ್ಲ ಎಂದು ಖಾತ್ರಿಯಾದ ಮೇಲೆ ಪಂಚೆಯ ಪಕ್ಕ ದಾರ ಕಟ್ಟಿ ತೂಗುಹಾಕಿದರು. ಹೆಚ್ಚು ಕಾದರೆ ಬೇಕಲೈಟು ಸೀಳುತ್ತದೆ ಎಂದು ನಾನು ಹೇಳುವ ಮೊದಲೇ, ಹಪ್ಪಳ ಎಷ್ಟು ದೂರದಲ್ಲಿ ಒಣಗಬೇಕೋ ಅಷ್ಟು ದೂರದಲ್ಲಿ ಅದು ತೂಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಹಾಕಿದರೆ ಗಾಡಿ ಒಂದೇ ಸುತ್ತಿಗೆ ಚಾಲೂ.

ಮರುದಿನ ಮತ್ತೆ ಅದೇ ಕತೆ. ಅದರ ಮರುದಿನವೂ. ಆಗ ಭಾವನಿಗೆ ಬೆಳಕು ಹರಿಯಿತು. "ಕೊನೆಗೆ ಕೊಟ್ಟೆ ಕಟ್ತ್ವಲ, ಇದಕ್ಕೂ ಒಂದು ಕಟ್ಟವು." ಕೊಳೆ ಬಾರದಿರಲೆಂದು ಅಡಿಕೆ ಕೊನೆಗೆ ಕಟ್ಟಲು ತಂದ ಪ್ಲಾಸ್ಟಿಕ್ಕು ಇತ್ತು. ಅಳತೆಗೆ ಕತ್ತರಿಸಿ, ಐದು ವೈರಿಗೆ ಐದು ತೂತು ಮಾಡಿ, ಡೆಲ್ಕೋಗೆ ಕೊಟ್ಟೆ ಕಟ್ಟಿದ. ನಾನು ನಕ್ಕೆ. ಆದರೆ 1959ರಲ್ಲಿ ಇಂಗ್ಲೆಂಡಿನ ಬಿಎಂಸಿ ಕಂಪನಿ ಮಿನಿ ಎಂಬ ಪುಟ್ಟ ಕಾರನ್ನು ಬಿಟ್ಟಾಗ, ಡೆಲ್ಕೋವನ್ನು ಮುಂದಿನ ಜಾಲರಿಯ ಹಿಂದೆಯೇ ಇಟ್ಟು, ಮಳೆನೀರು ರಾಚಿದರೆ ಗಾಡಿ ನಿಲ್ಲುವಂತೆ ಮಾಡಿಕೊಂಡಿತ್ತು. ಅಲ್ಲಿಯ ಜನ ರಬ್ಬರ್ ಕೈಗವಸಿನ ಬೆರಳುತುದಿ ಕತ್ತರಿಸಿ, ಒಂದೊಂದು ಬೆರಳಲ್ಲಿ ಒಂದೊಂದು ವೈರು ತೂರಿಸಿ ಡೆಲ್ಕೋಗೆ ತೊಡಿಸುತ್ತಿದ್ದರು. ಕೈಗವಸಿಗೂ ಐದು ಬೆರಳು, ಡೆಲ್ಕೋಗೂ ಐದು ವೈರು. ಇಂಥ ಹೊಂದಾಣಿಕೆ ನಮ್ಮ ಕೊಟ್ಟೆಯಲ್ಲಿ ಇರಲಿಲ್ಲ ಎನ್ನುವುದನ್ನು ಒಪ್ಪಬೇಕು. ಉಳಿದಂತೆ ವಿದ್ಯೆ ಒಂದೇ, ನಮ್ಮದು ಅಗ್ಗದ್ದು.

ಬೆಳಗಿನ ಸಮಸ್ಯೆ ಅಲ್ಲಿಗೆ ತೀರಿತು. ನಿಜವಾದ ಸಮಸ್ಯೆ ಶುರುವಾದದ್ದು ಆಮೇಲೆ.

ಮನೆಯಲ್ಲಿ ಒಂದೇ ಸೆಲ್ಫಿಗೆ ಎದ್ದ ಗಾಡಿ ರಸ್ತೆಯಲ್ಲಿ ನಿಲ್ಲಲಾರಂಭಿಸಿತು. ಸಿದ್ದಾಪುರಕ್ಕೆ ಹೊರಟರೆ ಕಾನಸೂರಿನಲ್ಲಿ. ಯಲ್ಲಾಪುರಕ್ಕೆ ಹೊರಟರೆ ಮಂಚಿಕೇರಿಯ ಹತ್ತಿರ. ಸ್ವಿಚ್ಚು ಒತ್ತಿ ಆರಿಸಿದಷ್ಟು ಖಡಕ್ಕಾಗಿ ನಿಲ್ಲುತ್ತಿತ್ತು, ಕೆಮ್ಮು ದಮ್ಮು ಯಾವುದೂ ಇಲ್ಲ. ಇಳಿದು ಬಾನೆಟ್ ಎತ್ತಿ, ನಾಲ್ಕು ಜನ ಸೇರಿ, ಕರೆಂಟು ಬತ್ತಾ ಇಲ್ಲೆ ಎಂದು ತೀರ್ಮಾನವಾಗಿ, ಸುಮ್ಮನೆ ಒಮ್ಮೆ ಕೀಲಿ ತಿರುಗಿಸಿದರೆ ತಕ್ಷಣ ಚಾಲೂ. ಗ್ಯಾರೇಜಿನ ಮುಂದೆ ನಿಲ್ಲಿಸಿ ಇಂಜಿನ್ ಬಿಟ್ಟರೆ ಮಧ್ಯಾಹ್ನದ ಊಟ ಮುಗಿಸಿ ಬರುವ ತನಕವೂ ಗುಣುಗುಣು ಎನ್ನುತ್ತ ನಿಂತಿರುತ್ತಿತ್ತು. ಇದಕ್ಕಿಂತ ಪೂರ್ತಿ ಕೆಟ್ಟ ಗಾಡಿ ಎಷ್ಟೋ ವಾಸಿ.

ಎಲ್ಲರಿಗೂ ತಂತಮ್ಮ ಇಷ್ಟದ ಭಾಗವಿತ್ತು. ಭಾವ ಕಾಯಿಲ್ ಪಕ್ಷ. "ಕಾಯಿಲೇ ಹೋಯ್ದು. ಬಿಸಿ ಆದಾಗ ಕೈ ಕೊಡ್ತು, ತಣಿದ ಮೇಲೆ ಬತ್ತು." ಇದು ನಂಬುವಂಥ ಮಾತೇ, ಹಳೇ ಕಾಯಿಲುಗಳ ಗುಣ ಹಾಗೆಯೇ. ಕೆಲವು ದಿನ ಕಾಯಿಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ತಿರುಗಿದೆವು. ಆಮೇಲೆ ಹುಬ್ಬಳ್ಳಿಯಿಂದ ಹೊಸ ಕಾಯಿಲ್ ಬಂತು. ಗಾಡಿ ಹೊಸ ಕಾಯಿಲ್ ಸಮೇತ ಕಾನಸೂರಿನಲ್ಲಿ ನಿಂತಿತು. ಪಕ್ಕದ ಮನೆಯವರು ಕಂಡೆನ್ಸರ್ ಪಕ್ಷ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟಿರುವ ಆ ಡಬ್ಬಿಯ ಮೇಲೆ ಅವರಿಗೆ ಯಾವ ಹಗೆಯೋ, ನಮ್ಮ ಜೀಪು, ಪಂಪು, ಕೊನೆಗೆ ಸೀಲಿಂಗ್ ಫ್ಯಾನಿನ ವಿಷಯದಲ್ಲೂ ಅದನ್ನೇ ದೂರುತ್ತಿದ್ದರು. ಫ್ಯಾನಿನ ವಿಷಯದಲ್ಲಿ ಅವರದೇ ಸರಿಯಾಗಿತ್ತು. ಹಾಗಾಗಿ ಕಂಡೆನ್ಸರೂ ಹೊಸದು ಬಂತು. ಬೆಂಗಳೂರಿನಿಂದ ಬಂದ ತಮ್ಮನ ಮಗ, "ದೊಡ್ಡಪ್ಪಾ, ಸ್ಕ್ಯಾನರ್ ಹಾಕಿ ಎರರ್ ಕೋಡ್ ನೋಡಿ" ಅಂದ. ಎಲ್ಲಿಗೆ ಹಾಕುವುದು ಎಂದು ಕೇಳಿದೆ. ಸ್ಟೇರಿಂಗಿನ ಕೆಳಗೆ ಕೈ ಹಾಕಿ ಹುಡುಕಿದ. ಅವನಿಗೆ ಸಿಕ್ಕಿದ್ದು ಅಪ್ಪಯ್ಯ ಎಂದೋ ಬಚ್ಚಿಟ್ಟಿದ್ದ ಸುಣ್ಣದ ಡಬ್ಬಿ.

ಮಿಸ್ತ್ರಿ ಸ್ವಿಚ್ಚನ್ನು ಸಂಶಯಿಸಿ ಬ್ಯಾಟರಿಯಿಂದ ಕಾಯಿಲಿಗೆ ನೇರ ವೈರು ಕೊಟ್ಟರು. ಅಂದರೆ ಕೀಲಿಗೂ ಇಂಜಿನ್ನಿಗೂ ಸಂಬಂಧವೇ ಕಡಿಯಿತು. ಗಾಡಿ ನಿಲ್ಲಿಸಬೇಕಾದರೆ ಬಾನೆಟ್ ಎತ್ತಿ ವೈರು ಕೀಳಬೇಕು. ಬೇಡವಾದಾಗ ನಿಲ್ಲುವ ಗಾಡಿ, ಬೇಕಾದಾಗ ನಿಲ್ಲದ ಗಾಡಿಯೂ ಆಯಿತು. ಮಾರಿಗುಡಿಯ ಎದುರು ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ವೈರು ಕಿತ್ತು, ಆಮೇಲೆ ಕೈ ಒರೆಸಿಕೊಂಡು ಅಮ್ಮನವರಿಗೆ ಕೈ ಮುಗಿಯುವುದು ಅಭ್ಯಾಸವಾಯಿತು.

ಹೀಗೆ ಬಿಚ್ಚಿದ, ಏನೂ ಕೆಡದ ಸಾಮಾನುಗಳೆಲ್ಲ ಒಂದು ಬಿಸ್ಕೆಟ್ ಡಬ್ಬಿ ಸೇರಿದವು. ಅದರಲ್ಲಿ ಇನ್ನೊಂದು ಗಾಡಿಗೆ ಸಾಕಾಗುವಷ್ಟು ಕಿಡಿಯ ಸರಂಜಾಮು ಇತ್ತು.

ಈ ನಡುವೆ ಒಂದು ಸಂಜೆ ಲೈನ್‌ಮನ್ ಮತ್ತೆ ಬಂದಿದ್ದರು. ಅವರಿಗೆ ಕಿಡಿ ಹೇಗೆ ಹುಟ್ಟುತ್ತದೆ ಎಂದು ಮಿಸ್ತ್ರಿ ವಿವರಿಸುತ್ತಿದ್ದರು. ಕಾಯಿಲಿನೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೇ ಬಹಳ ಸಪೂರ ತಂತಿಯ ಸಾವಿರಾರು ಸುತ್ತು. ಡೆಲ್ಕೋದೊಳಗಿನ ಪಾಯಿಂಟ್ ಮುಚ್ಚಿದ್ದಾಗ ದಪ್ಪ ತಂತಿಯಲ್ಲಿ ಬ್ಯಾಟರಿಯ ಹನ್ನೆರಡು ವೋಲ್ಟು ಹರಿದು ಕಾಂತಶಕ್ತಿ ತುಂಬುತ್ತದೆ. ಪಾಯಿಂಟ್ ಬಿಟ್ಟ ಕ್ಷಣ ಅದು ಕುಸಿಯುತ್ತದೆ. ಆ ಕುಸಿತದಲ್ಲೇ ಸಪೂರ ತಂತಿಯಲ್ಲಿ ಹತ್ತಾರು ಸಾವಿರ ವೋಲ್ಟು ಎದ್ದು ಪ್ಲಗ್ಗಿನ ಬಾಯಲ್ಲಿ ಕಿಡಿಯಾಗುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗುತ್ತದೆ, ಪ್ಲಗ್ಗಿಗೆ ಉಳಿಯುವುದು ಪೀಚು ಕಿಡಿ. ಪಾಯಿಂಟ್ ತೆರೆಯಬೇಕಾದದ್ದು 0.38 ಮಿಲಿಮೀಟರ್. ಗೇಜು ಇಲ್ಲದ ಕಡೆ ದಾಡಿ ಬ್ಲೇಡು ನಾಲ್ಕು ಜೋಡಿಸಿ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇದೆಲ್ಲ ಸೆಕೆಂಡಿಗೆ ನೂರು ಸಲ ನಡೆಯುತ್ತದೆ.

ಲೈನ್‌ಮನ್ ಯೋಚಿಸಿದರು. "ಅಂದ್ರೆ ಕಿಡಿ ಬರೂದು ಕರೆಂಟ್ ಕೊಟ್ಟಾಗ ಅಲ್ಲ, ತೆಗೆದಾಗ?"

"ಹೌದು."

"ಸುಳ್ಳು. ಕರೆಂಟ್ ತೆಗೆದಾಗ ಕೆಲಸ ಆಗೂದಾಗಿದ್ರೆ ನಮ್ಮ ತಾಲ್ಲೂಕು ಇಷ್ಟೊತ್ತಿಗೆ ಸಿಂಗಾಪುರ ಆಗ್ತಿತ್ತು."

ಮಿಸ್ತ್ರಿಗೆ ಅದಕ್ಕೆ ಉತ್ತರ ಇರಲಿಲ್ಲ. ನನಗೂ.

ನಮ್ಮೂರಿನಲ್ಲಿ ಒಬ್ಬರು ಮದ್ದಲೆ ಬಾರಿಸುವವರಿದ್ದಾರೆ. ತಾಳಮದ್ದಲೆಗೆ ಮಂಚಿಕೇರಿ, ಯಲ್ಲಾಪುರದ ಕಡೆ ಹೋಗಲು ಅವರಿಗೆ ಆಗಾಗ ಗಾಡಿ ಬೇಕು, ಹಾಗಾಗಿ ನಮ್ಮ ಗಾಡಿಯ ಆರೋಗ್ಯದಲ್ಲಿ ಆಸಕ್ತಿ. ಅಂಗಳದಲ್ಲಿ ಇಂಜಿನ್ ಓಡುತ್ತಿತ್ತು, ಅವರು ಜಗಲಿಯಲ್ಲಿ ಕಷಾಯ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ತೊಡೆಯ ಮೇಲೆ ಬೆರಳಾಡಿಸಿ, "ನಾಕು ಪೆಟ್ಟಲ್ಲಿ ಒಂದು ಬಿಡ್ತಾ ಇದ್ದು" ಅಂದರು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಅವರು ಎದ್ದು ಬಂದರು. ಮಿಸ್ತ್ರಿ ಒಂದೊಂದೇ ಪ್ಲಗ್ಗಿನ ವೈರು ಎತ್ತುತ್ತ ಹೋದರು. ಒಂದನೆಯದು ಎತ್ತಿದರೆ ಇಂಜಿನ್ ತಡಬಡಿಸಿತು, ಎರಡನೆಯದೂ ಹಾಗೆಯೇ. ಮೂರನೆಯದು ಎತ್ತಿದಾಗ ಶಬ್ದ ಇದ್ದ ಹಾಗೇ ಇತ್ತು. ಮೂರನೆಯದು ಕೆಲಸವನ್ನೇ ಮಾಡುತ್ತಿರಲಿಲ್ಲ.

ಅವತ್ತು ಕತ್ತಲಾಗುವ ತನಕ ಕಾದು, ಕರೆಂಟು ಹೇಗೂ ಇರಲಿಲ್ಲ, ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿ ನೋಡಿದೆವು. ಹೊರಗೆ ಜಿರ್ರೆಂದು ಮಳೆ. ಮೂರನೆಯ ಪ್ಲಗ್ಗಿನ ವೈರು ಇಂಜಿನ್ನಿನ ಮೈಗೆ ತಾಗುವಲ್ಲಿ ಅದರ ಹೊದಿಕೆ ಸೀಳಿತ್ತು. ಆ ಸೀಳಿನಿಂದ ನೀಲಿ ಬೆಳಕು ಟಿಕ್ ಟಿಕ್ ಎನ್ನುತ್ತ ಹೊರಗೆ ಹಾರಿ ಕಬ್ಬಿಣಕ್ಕೆ ಬಡಿಯುತ್ತಿತ್ತು. ಹಗಲಿನಲ್ಲಿ ಎಷ್ಟು ಬಗ್ಗಿ ನೋಡಿದರೂ ಕಾಣದ ವಸ್ತು. ಮಕ್ಕಳು ಕೊಡೆ ಹಿಡಿದು ಓಡಿ ಬಂದರು, ಆಯಿ ಜಗಲಿಯಿಂದಲೇ ನೋಡಿ "ಚಂದಿದ್ದು" ಅಂದರು. ಮದ್ದಲೆಯವರು ಆ ಟಿಕ್ಕಿಗೂ ತಾಳ ಹಾಕುತ್ತಿದ್ದರು. ಈ ಇಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ ಒಂದು, ಮೂರು, ನಾಲ್ಕು, ಎರಡು ಎಂದು ಮಿಸ್ತ್ರಿ ಹೇಳಿದ್ದು ಅವರಿಗೆ ಬಹಳ ಹಿಡಿಸಿತು. "ಒಂದು ಎರಡು ಮೂರು ನಾಕು ಅಂತ ನೆಟ್ಟಗೆ ಹೊಡೆದ್ರೆ ಕೇಳೂಲೆ ಎಂತ ಇದ್ದು?" ಎಂದು ಇಂಗ್ಲಿಷರನ್ನು ಮೆಚ್ಚಿಕೊಂಡರು.

ವೈರು ಬದಲಾಯಿತು, ಶಬ್ದ ಸಮವಾಯಿತು. ಮರುದಿನ ಗಾಡಿ ಸಮವಾದ ಶಬ್ದದಲ್ಲೇ ಹೋಗಿ ಕಾನಸೂರಿನಲ್ಲಿ ನಿಂತಿತು.

ಅಷ್ಟರಲ್ಲಿ ಅತ್ತೆ ಒಬ್ಬರು ಚೌಡಿಯ ಹೆಸರು ಎತ್ತಿದ್ದರು. ಗಾಡಿ ನಿಲ್ಲುವ ಜಾಗದ ಹತ್ತಿರ ಚೌಡಿಕಟ್ಟೆ ಇದೆಯೋ ಇಲ್ಲವೋ ನೋಡಿ ಎಂದರು. ನಮ್ಮ ಕಡೆ ಯಾವ ಜಾಗದ ಹತ್ತಿರ ಚೌಡಿಕಟ್ಟೆ ಇಲ್ಲ! ತೆಂಗಿನಕಾಯಿ ಒಡೆದೆವು. ಅವತ್ತು ಗಾಡಿ ಸಿದ್ದಾಪುರದ ತನಕ ಎಲ್ಲೂ ನಿಲ್ಲದೆ ಹೋಯಿತು. ಅತ್ತೆ ಹಿಂದಿನ ಸೀಟಿನಲ್ಲಿದ್ದರು, ಅವರಿಗೆ ಜೋರು ಹೋದರೆ ತಲೆ ತಿರುಗುತ್ತದೆಂದು ನಾನು ಎಕ್ಸಲರೇಟರನ್ನು ಒಂದೇ ಹದದಲ್ಲಿ ಒತ್ತಿಕೊಂಡು, ಸೈಕಲ್ಲಿನವರಿಗೂ ದಾರಿ ಬಿಡುತ್ತ ಹೋಗಿದ್ದೆ. ಬರುವಾಗ ಅತ್ತೆ ಅಲ್ಲೇ ಉಳಿದರು. ಗಾಡಿ ಮತ್ತೆ ಕಾನಸೂರಿನಲ್ಲಿ ನಿಂತಿತು.

ಇದನ್ನು ಮಿಸ್ತ್ರಿಗೆ ಹೇಳಿದಾಗ ಅವರು ತೆಂಗಿನಕಾಯಿಯ ಭಾಗವನ್ನು ಬಿಟ್ಟು ಎಕ್ಸಲರೇಟರಿನ ಭಾಗವನ್ನು ಮಾತ್ರ ಹಿಡಿದುಕೊಂಡರು. "ಪೆಡಲ್ ಅಲ್ಲಾಡಿಸ್ದೇ ಇದ್ದಾಗ ನಿಲ್ಲೂದಿಲ್ಲ?" ಎಂದು ಎರಡೆರಡು ಸಲ ಕೇಳಿದರು. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. ಇಂಜಿನ್ ಚಾಲೂ ಮಾಡಿಸಿದರು.

ಕಾರ್ಬೊರೇಟರಿನಿಂದ ಡೆಲ್ಕೋಗೆ ಒಂದು ಸಪೂರ ಕೊಳವೆ ಹೋಗುತ್ತದೆ. ಎಕ್ಸಲರೇಟರ್ ಒತ್ತಿದಾಗ ಕಾರ್ಬೊರೇಟರ್ ಆ ಕೊಳವೆಯ ಗಾಳಿ ಎಳೆಯುತ್ತದೆ. ಆ ಎಳೆತಕ್ಕೆ ಡೆಲ್ಕೋದೊಳಗೆ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗಿ, ಕಿಡಿ ತುಸು ಮೊದಲೇ ಹಾರುತ್ತದೆ. ಮಿಸ್ತ್ರಿ ಕೊಳವೆಯನ್ನು ಕಾರ್ಬೊರೇಟರಿನಿಂದ ಬಿಡಿಸಿ, ತುದಿಯನ್ನು ಬಾಯಿಗೆ ಇಟ್ಟುಕೊಂಡು ಜೋರಾಗಿ ಚೀಪಿದರು.

ಇಂಜಿನ್ ಸತ್ತಿತು.

ಗ್ಯಾರೇಜಿನಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಮತ್ತೆ ಚಾಲೂ ಮಾಡಿದೆವು, ಮತ್ತೆ ಚೀಪಿದರು, ಮತ್ತೆ ಸತ್ತಿತು. ಭಾವನಿಗೆ ತಡೆಯಲಾಗಲಿಲ್ಲ. "ಎಂಗೆ ಒಂದ್ಸಲ ಕೊಡಾ" ಎಂದು ಕೊಳವೆ ಒರೆಸಿಕೊಂಡು ತಾನೂ ಚೀಪಿ ಕೊಂದ. ಪಕ್ಕದ ಟಯರ್ ಅಂಗಡಿಯ ಹುಡುಗನೂ ಕೊಂದ. ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಒಬ್ಬರು, ಯಾರೆಂದು ಈಗಲೂ ಗೊತ್ತಿಲ್ಲ, ಅವರೂ ಒಮ್ಮೆ ಕೊಂದು, ಬಾಯಿ ಒರೆಸಿಕೊಂಡು, "ಕರೆಂಟು ಬತ್ತಾ ಇಲ್ಲೆ" ಎಂದು ಹೇಳಿ ಹೊರಟುಹೋದರು.

ಮುಚ್ಚಳ ತೆಗೆದರು. ಡೆಲ್ಕೋದ ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಒಳಗಡೆ ಎರಡು ಇಂಚಿನ ಒಂದು ವೈರು ಇರುತ್ತದೆ. ಬಟ್ಟೆಯ ಹೊದಿಕೆ, ಎಣ್ಣೆ ಕುಡಿದು ಕಪ್ಪಾದದ್ದು. ನೋಡಲು ಎಲ್ಲೂ ಹರಿದಿರಲಿಲ್ಲ. ಇಷ್ಟು ದಿನ ಎಲ್ಲರೂ ನೋಡಿ ಬಿಟ್ಟದ್ದೂ ಅದಕ್ಕೇ. ಮಿಸ್ತ್ರಿ ಅದನ್ನು ಎರಡು ಉಗುರುಗಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ತಾಮ್ರದ ವೈರು ಎಳೆದರೆ ಬಿಗಿಯಾಗಬೇಕು. ಇದು ರಬ್ಬರ್ ಬ್ಯಾಂಡಿನಂತೆ ಹಿಗ್ಗಿತು. ಹೊದಿಕೆ ಗಟ್ಟಿ, ಒಳಗಿನ ತಾಮ್ರ ತುಂಡು. ಐವತ್ತು ವರ್ಷ ಪ್ರತಿ ಸಲ ಎಕ್ಸಲರೇಟರ್ ಒತ್ತಿದಾಗಲೂ ತಟ್ಟೆ ತಿರುಗಿ, ಅದರ ಜೊತೆ ಈ ವೈರು ಬಾಗಿ ಬಾಗಿ, ಎಳೆಗಳು ಒಂದೊಂದಾಗಿ ಕಡಿದಿದ್ದವು. ತಟ್ಟೆ ಸುಮ್ಮನಿದ್ದಾಗ ತುಂಡಿನ ಎರಡು ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಗಾಡಿ ಓಡುತ್ತಿತ್ತು. ತಟ್ಟೆ ತಿರುಗಿತೋ, ತುದಿಗಳು ದೂರಾಗುತ್ತಿದ್ದವು. ಕಾನಸೂರಿನ ಹತ್ತಿರ ಒಂದು ಏರು ಇದೆ. ನಾನು ಪೆಡಲ್ ಒತ್ತುವುದು ಅಲ್ಲಿಯೇ.

ವೈರಿಗೆ ವೈರು ಹಾಕಿದರೆ ಮುಗಿಯಿತಲ್ಲ ಎಂದು ಲೈನ್‌ಮನ್ ತಮ್ಮ ಚೀಲದಿಂದ ಮನೆ ವೈರಿಂಗಿನ ತುಂಡು ಕೊಟ್ಟರು. ಮಿಸ್ತ್ರಿ ಅದನ್ನು ಬಾಗಿಸಿ ನೋಡಿ ಹಿಂದೆ ಕೊಟ್ಟರು. ಗಟ್ಟಿ ತಂತಿ ಹಾಕಿದರೆ ತಟ್ಟೆಯೇ ತಿರುಗುವುದಿಲ್ಲ, ಇಲ್ಲವೇ ತಿಂಗಳಲ್ಲಿ ಮತ್ತೆ ತುಂಡಾಗುತ್ತದೆ. ಇಲ್ಲಿಗೆ ಬೇಕಾದದ್ದು ಬಹಳ ಸಪೂರ ಎಳೆಗಳ, ಸಾವಿರ ಸಲ ಮಡಿಸಿದರೂ ಬೇಸರಪಡದ ವೈರು. ಅಂಥದು ಗ್ಯಾರೇಜಿನಲ್ಲಿ ಇರಲಿಲ್ಲ, ಐದು ರಸ್ತೆಯ ಅಂಗಡಿಗಳಲ್ಲೂ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಮದ್ದಲೆಯವರು ಬಂದರು. ಅವರ ತಂಡದ ಹಳೇ ಮೈಕಿನ ಕೇಬಲ್ಲು ರಿಪೇರಿಗೆಂದು ಕೈಯಲ್ಲೇ ಇತ್ತು. ಭಾಗವತರು ಹಿಂದೆ ಮುಂದೆ ಸರಿದಷ್ಟಕ್ಕೂ ಬಳುಕಿಕೊಂಡು ಬಾಳಿದ ಕೇಬಲ್ಲು. ಮಿಸ್ತ್ರಿ ಅದರ ಒಳಗಿನ ಎರಡು ಎಳೆಗಳನ್ನು ಹೊಸೆದು, ಎರಡು ಇಂಚು ಕತ್ತರಿಸಿ, ತುದಿಗೆ ಬೆಸುಗೆ ಹಾಕಿ ಕೂರಿಸಿದರು. ಕೊಳವೆ ಚೀಪಿದರು. ಇಂಜಿನ್ ಸಾಯುವುದಿರಲಿ, ಇನ್ನೂ ಚುರುಕಾಯಿತು. ಭಾವ ಚೀಪಿ ನೋಡಿದ, ಆಗಲೂ ಅಷ್ಟೇ. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಆಮೇಲೆ ಅದೇ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಹತ್ತಿ ಬಂದಿದ್ದೇವೆ, ಅರಬೈಲು ಘಟ್ಟವನ್ನೂ ಮುಗಿಸಿದ್ದೇವೆ. ಭಾವ ಮಾತ್ರ ಹೊಸ ಕಾಯಿಲಿನಿಂದಲೇ ಇದೆಲ್ಲ ಸಾಧ್ಯವಾದದ್ದು ಎಂದು ಹೇಳಿಕೊಂಡು ತಿರುಗುತ್ತಾನೆ: "ಆನು ಮೊದಲೇ ಹೇಳಿದ್ದಿ." ಪಕ್ಕದ ಮನೆಯವರ ಪ್ರಕಾರ ಅದು ಕಂಡೆನ್ಸರು. ಅತ್ತೆಯ ಹತ್ತಿರ ಈ ಚರ್ಚೆಯೇ ನಡೆಯುವುದಿಲ್ಲ.

ಮಿಸ್ತ್ರಿ ವೈರಿಗೆ ದುಡ್ಡು ಹಾಕಲಿಲ್ಲ, ಅದು ಅವರದಲ್ಲವಲ್ಲ. ಮದ್ದಲೆಯವರಿಗೆ ಕೊಡಲು ಹೋದರೆ, "ಎರಡು ಇಂಚಿಗೆ ಎಂಥಾ ದುಡ್ಡಾ?" ಎಂದು ಕೈ ಸರಿಸಿದರು. ಈಗ ಯಲ್ಲಾಪುರದ ಕಡೆ ಎಲ್ಲಿ ತಾಳಮದ್ದಲೆ ಇದ್ದರೂ ಮಧ್ಯಾಹ್ನ ಮೂರಕ್ಕೆಲ್ಲ ಮದ್ದಲೆಯ ಗಂಟು ನಮ್ಮ ಜಗಲಿಗೆ ಬಂದು ಕೂರುತ್ತದೆ. ಮೊನ್ನೆ ಹಾಗೆ ಬಂದಾಗ, ಅವತ್ತು ನನಗೆ ಸೊಸೈಟಿಯಲ್ಲಿ ಅಡಿಕೆ ವ್ಯಾಪಾರದ ಕೆಲಸ ಇದೆ, ಗಾಡಿ ಶಿರಸಿ ಪೇಟೆಗೆ ಬೇಕು ಎಂದೆ.

"ಪೇಟೆಗೆ ಬಸ್ಸಿದ್ದಲಾ" ಅಂದರು ಅವರು, ಮದ್ದಲೆಯನ್ನು ಹಿಂದಿನ ಸೀಟಿಗೆ ಇಳಿಸುತ್ತ. "ಗಾಡೀಲಿ ಎನ್ನ ವೈರು ಇದ್ದು. ಹೋಪನ ನಡಿ, ಕತ್ತಲಾದ ಮೇಲೆ ನಿಂಗೆ ಕಣ್ಣು ಕಾಣ್ತಿಲ್ಲೆ."